ಎಡಗಣ್ಣು

ಹೆಂಗಸಿಗೆ ಎಡಗಣ್ಣು ಅದುರಿದರೆ ಒಳ್ಳೆಯದು ಅನ್ನುತ್ತಿದ್ದಳು ಅವ್ವ.
ಅದುರಲಿಲ್ಲ ಅದು.
ಮಂಕಾಯಿತು, ಅಷ್ಟೇ.

ಮೊದಲು ಗೊತ್ತಾದದ್ದು ಬಿ.ಎಂ. ರಸ್ತೆಯಲ್ಲಿ,
ರಾತ್ರಿ ಪಾಳಿ ಮುಗಿಸಿ ಸ್ಕೂಟಿಯಲ್ಲಿ ಬರುವಾಗ:
ಎದುರಿನ ಲಾರಿಯ ದೀಪ
ಎರಚಿದ ಸುಣ್ಣದ ಹಾಗೆ ಕಣ್ಣ ತುಂಬ ಹರಡಿ
ರಸ್ತೆಯೇ ಇಲ್ಲ.

ನಾಝ್ನೀನ್ ಡಾಕ್ಟರು, ನನ್ನ ಮಗಳ ವಯಸ್ಸಿನವಳು,
ಗಲ್ಲ ಊರಿಸಿ, ಸೀಳುಬೆಳಕು ಬಿಟ್ಟು ನೋಡಿದಳು ಬಹಳ ಹೊತ್ತು.
"ಪೊರೆ ಇದೆ. ಹಿಂಬದಿಗೆ. ಎಡಗಡೆ ಜಾಸ್ತಿ.
ಸಕ್ಕರೆ ಕಾಯಿಲೆ?" ಇಲ್ಲ.
"ಉಬ್ಬಸದ ಮಾತ್ರೆ, ಸ್ಟೆರಾಯ್ಡು?" ಇಲ್ಲ.
"ಏಟು?" ಇಲ್ಲ.
"ಏನು ಕೆಲಸ?"

ಇಪ್ಪತ್ತಾರು ವರ್ಷ, ಮೂಳೆ ಆಪರೇಷನ್ನಿನ ಕೋಣೆಯಲ್ಲಿ
ಸಿ-ಆರ್ಮ್ ತಳ್ಳುವವಳು.
ಶಾಂತಿಗ್ರಾಮದ ತಿರುವಿನ ಬೈಕು, ಶಿರಾಡಿಯ ಟ್ಯಾಂಕರು,
ಮೆಣಸು ಕೊಯ್ಯಲು ಸಿಲ್ವರ್ ಮರ ಹತ್ತಿ ಬಿದ್ದ ಹುಡುಗ.
ಎಲ್ಲರ ತೊಡೆಮೂಳೆಯೂ ನನಗೆ ಗೊತ್ತು, ಮುಖ ಒಂದೂ ನೆನಪಿಲ್ಲ.
"ಕೆಂಚಕ್ಕ, ಒಂದು ಶಾಟ್" ಅನ್ನುವರು ಉತ್ತಪ್ಪ ಸಾರ್,
ಪೆಡಲು ಒತ್ತುವೆ.
"ಇನ್ನೊಂದು." ಒತ್ತುವೆ.
ಮೊಳೆ ಸರಿಯಾಗಿ ಕೂತಿತೋ ಇಲ್ಲವೋ, ಇನ್ನೊಂದು.
ಕಿರಣಕ್ಕೆ ಸದ್ದಿಲ್ಲ, ವಾಸನೆಯಿಲ್ಲ, ಬಿಸಿಯಿಲ್ಲ.
ಟ್ಯೂಬು ಯಾವಾಗಲೂ ನನ್ನ ಎಡಕ್ಕೆ.

ಸೀಸದ ಅಂಗಿ ಇತ್ತು. ಕೊರಳಪಟ್ಟಿ ಇತ್ತು.
ಸೀಸದ ಕನ್ನಡಕ ಎರಡೇ, ಅವು ಡಾಕ್ಟರುಗಳಿಗೆ;
ಕಾಲು ಮುರಿದದ್ದು ಮೂರನೆಯದು ಗೋಡೆಗೆ ನೇತಾಡುತ್ತಿತ್ತು.
ಇಡೀ ಜಿಲ್ಲೆಯ ಮುರಿದ ಕಾಲು ಕೂಡಿಸುವ ಕೋಣೆಯಲ್ಲಿ
ಅದಕ್ಕೊಂದು ಪ್ಲಾಸ್ಟರು ಸುತ್ತುವವರಿರಲಿಲ್ಲ.
ನಾನೂ ಸುತ್ತಲಿಲ್ಲ.
ಹಾಕಿದರೆ ಮಂಜು ಕಟ್ಟುತ್ತೆ ಅಂತ ಸುಮ್ಮನಿದ್ದೆ.

ಅಂಗಿಯೊಳಗೆ, ಎದೆಯ ಮೇಲಿನ ಬ್ಯಾಡ್ಜು
ಮೂರು ತಿಂಗಳಿಗೊಮ್ಮೆ ಲಕೋಟೆಯಲ್ಲಿ ಹೋಗುತ್ತಿತ್ತು.
ಸೊನ್ನೆ ಪಾಯಿಂಟ್ ಸೊನ್ನೆ ಏನೋ. ಮಿತಿಯೊಳಗೆ. ಸಹಿ.
ಎದೆಯ ಲೆಕ್ಕ ಬರೆದವರು
ಕಣ್ಣಿನ ಲೆಕ್ಕ ಕೇಳಲಿಲ್ಲ.

"ಹಾಗಾದರೆ ಇದು ಅದರಿಂದಲೇನಾ?"
ಹುಡುಗಿ ಪ್ರಾಮಾಣಿಕಳು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು
"ಇರಬಹುದು" ಅಂದಳು. "ವಯಸ್ಸೂ ಇರಬಹುದು. ಬಿಸಿಲೂ.
ಚೂರು ಚೂರು ಸೇರಿ ಎಷ್ಟಾದರೆ ಏನಾಗುತ್ತೆ ಅಂತ
ಓದಿದವರಲ್ಲೇ ಜಗಳ ಇದೆ, ಆಂಟಿ.
ಪೊರೆಯ ಮೇಲೆ ಹೆಸರು ಬರೆದಿರೋದಿಲ್ಲ."

ಹಾವಾದರೆ ಪೊರೆ ಬಿಡುತ್ತದೆ.
ಕಣ್ಣಿನ ಮಸೂರ, ಅವ್ವನ ಬಾಯಲ್ಲಿ ಚನ್ನಂಗಿ ಬೇಳೆ,
ಹುಟ್ಟಿದಂದಿನಿಂದ ಏನನ್ನೂ ಬಿಸಾಡುವುದಿಲ್ಲವಂತೆ,
ಪದರದ ಮೇಲೆ ಪದರ,
ಹಳೇ ಸೀರೆ ಯಾರಿಗೂ ಕೊಡದೆ ಮಡಚಿಡುವ ಹೆಂಗಸಿನ ಹಾಗೆ.
ಪೊರೆ ಅಂದರೆ ಕಾಪಾಡು ಅಂತಲೂ ಅರ್ಥ.
ಶಾಲೆಯಲ್ಲಿ ದಿನಾ ಕೈಮುಗಿದು ಕೇಳಿದ್ದೆವು, ಪೊರೆಯೋ ಅಂತ.
ತಡವಾಗಿ ಕೇಳಿಸಿಕೊಂಡ ಹಾಗಿದೆ,
ಅದೂ ತಪ್ಪಾಗಿ.

ಭಾನುವಾರ ದುದ್ದಕ್ಕೆ ಹೋದೆ.
ತಮ್ಮ ಸಣ್ಣೇಗೌಡ ಬಿತ್ತನೆ ಆಲೂಗಡ್ಡೆ ಹೆಚ್ಚುತ್ತಿದ್ದ.
"ಹೋಳಿಗೊಂದು ಕಣ್ಣಿರ್ಬೇಕು ಕಣಕ್ಕಾ, ಇಲ್ದಿದ್ರೆ ಮಣ್ಣಲ್ಲೇ ಕೊಳ್ತೋಯ್ತದೆ."
ಕಿರಣ ಹಾಯಿಸಿದ ಗಡ್ಡೆ ಮೊಳೆಯುವುದಿಲ್ಲ ಅಂತ
ಎಂದೋ ಓದಿದ್ದೆ. ಹೇಳಲಿಲ್ಲ.
ಪಕ್ಕದಲ್ಲಿ ಕೂತು ನಾನೂ ಹೆಚ್ಚಿದೆ,
ಬೆರಳಲ್ಲೇ ಕಣ್ಣು ಹುಡುಕಿ.

ಸೋಮವಾರ, ಹೊಸದಾಗಿ ಬಂದ ಸುಮಯ್ಯಾಳ ಮೂಗಿನ ಮೇಲೆ
ಆ ಮೂರನೆಯ ಕನ್ನಡಕ ಏರಿಸಿದೆ, ಕಾಲಿಗೆ ಪ್ಲಾಸ್ಟರು ಸುತ್ತಿ.
"ಭಾರ, ಆಂಟಿ. ಮಂಜು ಕಟ್ಟುತ್ತೆ."

ಕಟ್ಟಲಿ ಬಿಡು, ಒರೆಸಿಕೋ.
ಆ ಮಂಜು ಒರೆಸಿದರೆ ಹೋಗುತ್ತೆ.