ಖಾಲಿಯಿಂದ ಹೊರಟ ಎರಡು ಗೆರೆ

ಕೂತುಕೋ ಡೋರಿನಾ, ಕೋಟು ಬಿಚ್ಚಬೇಡ,
ಈ ನೆಲಮಾಳಿಗೆಗೆ ಮೇಲಿನ ಒಲೆಯ ಬಿಸಿ ತಲುಪುವುದಿಲ್ಲ.
ಪಾದುವಾ ಪೂರ್ತಿ ಮಂಜಂತೆ; ಸೈಕಲ್ಲು ತಳ್ಳಿಕೊಂಡೇ ಬಂದೆಯಾ?
ಸರಿ. ದೀಪ ಆರಿಸುತ್ತೇನೆ.
ಈ ಬಿಳಿ ಹಲಗೆಯ ಮೇಲೆ ಈಗ ಬೀಳುವುದು
ಆಲ್ಪ್ಸ್ ಆಚೆಯ ಯಂತ್ರವೊಂದು ಕಳಿಸಿದ ಫಿಲ್ಮು.
ರಾತ್ರಿಗೆ ಮುನ್ನೂರು ಚಿತ್ರ,
ಮೂರು ಕ್ಯಾಮರಾ, ಒಂದೊಂದಕ್ಕೂ ಮೂರು ನೋಟ.

ಹೆದರಬೇಡ, ದೊಡ್ಡ ಲೆಕ್ಕವೇನೂ ಬೇಕಿಲ್ಲ,
ನನ್ನ ಶಾಲೆ ಐದನೆಯ ಕ್ಲಾಸಿಗೇ ಮುಗಿದಿತ್ತು.
ಕುದಿಯಬೇಕಾದ ದ್ರವ, ಕುದಿಯದೆ ಉಸಿರು ಹಿಡಿದು ನಿಂತಿದೆ;
ಅದರೊಳಗೆ ಆವೇಶ ಹೊತ್ತದ್ದು ಯಾವುದೇ ಹಾದುಹೋಗಲಿ
ಹೆಜ್ಜೆಹೆಜ್ಜೆಗೂ ಗುಳ್ಳೆ. ಗುಳ್ಳೆಯ ಸಾಲೇ ಗೆರೆ.
ಕಣವನ್ನು ಯಾರೂ ಕಂಡಿಲ್ಲ, ಪ್ರೊಫೆಸರ್ ಕೂಡ;
ನಾವು ಓದುವುದು ಅದು ಹೋದ ಮೇಲಿನ ಕಲಕು.

ಆಯಸ್ಕಾಂತ ಬಾಗಿಸುತ್ತದೆ: ಧನ ಈ ಕಡೆಗೆ, ಋಣ ಆ ಕಡೆಗೆ.
ಆ ಹೆಸರಿಟ್ಟವನು ಅಂಗಡಿಯ ಲೆಕ್ಕ ಬರೆದವನೇ ಇರಬೇಕು.
ಅವಸರದ್ದು ಅಷ್ಟಾಗಿ ಬಾಗುವುದಿಲ್ಲ.
ಬಡ ಎಲೆಕ್ಟ್ರಾನು ಮಾತ್ರ ಸುತ್ತಿ ಸುತ್ತಿ
ಕಸುವು ಸೋರಿದಂತೆ ಸುರುಳಿ ಬಿಗಿದು,
ಗಡಿಯಾರದ ಸ್ಪ್ರಿಂಗಿನ ಹಾಗೆ,
ತನ್ನೊಳಗೇ ಮುಗಿದುಹೋಗುತ್ತದೆ.
ಅದನ್ನು ಬರೆದುಕೊಳ್ಳಬೇಡ. ಅಂಥವು ಸಾವಿರ.

ಗೀರನ್ನು ಗೆರೆಯೆಂದುಕೊಂಡು ಮೋಸಹೋಗಬೇಡ.
ಗೀರು ಒಂದು ನೋಟದಲ್ಲಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.
ನಡೆದದ್ದು ಮೂರರಲ್ಲೂ ಇರುತ್ತದೆ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು
ಈ ಕೆಲಸಕ್ಕೆಂದೇ ಹೇಳಿದ ಮಾತು.

ಆರು ತಿಂಗಳಾದ ಮೇಲೆ ಎಲ್ಲೆಲ್ಲೂ ಕಾಣತೊಡಗುತ್ತದೆ:
ಬಸವನಹುಳು ಗೋಡೆಗೆ ಬಿಟ್ಟ ಅಂಟುದಾರಿ,
ಬಸ್ಸಿನ ಗಾಜಿನ ಮೇಲೆ ಓರೆಯಾಗಿ ಓಡಿದ ಹನಿ.
ಸಂತ ಅಂತೋಣಿಯ ಇಗರ್ಜಿಯಲ್ಲಿ ಮಂಡಿಯೂರಿದ್ದೆ,
ನೆಲಗಲ್ಲಿನಲ್ಲೊಂದು ಬಿರುಕು.
ಜಪ ಬಿಟ್ಟು ಅದರ ಬಾಗು ಅಳೆಯುತ್ತಾ ಕೂತೆ.

ಈಗ ಇಲ್ಲಿ ನೋಡು. ಬೆರಳಿಡಬೇಡ, ಪೆನ್ಸಿಲ್ಲಿನ ತುದಿ ಸಾಕು.
ಒಂದು ಗೆರೆ ಬಂತು, ಇಲ್ಲಿ ಡಿಕ್ಕಿ. ಮುಂದೆ ಏನೂ ಇಲ್ಲ.
ಒಂದು ಗೇಣು ಬರೀ ಕತ್ತಲು.
ಆಮೇಲೆ, ಯಾರೂ ಇಲ್ಲದ ಜಾಗದಿಂದ ಎರಡು ಗೆರೆ,
ಬಾಯಿ ಬಿಟ್ಟ ಕತ್ತರಿಯಂತೆ; ಒಂದು ಧನ, ಒಂದು ಋಣ.
ಆ ಗೇಣಿನುದ್ದ ಏನೋ ನಡೆದುಹೋಗಿದೆ.
ಆವೇಶವಿಲ್ಲದ್ದು. ಗುಳ್ಳೆ ಎಬ್ಬಿಸದೆ, ಯಾವ ಕಡೆಗೂ ಬಾಗದೆ.
ಅದು ಇತ್ತೆಂದು ತಿಳಿಯುವುದು ಒಡೆದು ಎರಡಾದ ಮೇಲೆ.

ಮೊದಲ ಸಲ ಇದಕ್ಕೆ ಸುತ್ತು ಹಾಕಿ ಒಯ್ದಾಗ
ಡಾಕ್ಟರ್ ತ್ರೆವಿಸಾನ್ ತಲೆ ಎತ್ತದೆ ‘ಗೀರು’ ಅಂದರು.
ಮೂರು ನೋಟವನ್ನೂ ಅವರೆದುರಿಗಿಟ್ಟು
ಕೈಕಟ್ಟಿ ನಿಂತೇ ಇದ್ದೆ, ಅವರ ಸಿಗರೇಟು ಮುಗಿಯುವ ತನಕ.
ವಸಂತಕ್ಕೆ ಅಚ್ಚಾದ ಪ್ರಬಂಧದಲ್ಲಿ
ಹನ್ನೊಂದು ಹೆಸರು, ಹದಿನಾಲ್ಕು ಘಟನೆ.
ಹೆಸರುಗಳಲ್ಲಿ ನಾನಿಲ್ಲ. ಘಟನೆಗಳಲ್ಲಿ ಆರನೆಯದು ನನ್ನದು.

ನಮ್ಮಮ್ಮ ಪಿಯೊವೇಗೊ ಕಾಲುವೆಯ ಕಟ್ಟೆಯಲ್ಲಿ
ಊರವರ ಹಾಸು ಹೊದಿಕೆ ಒಗೆದವಳು.
ಎದ್ದ ಗುಳ್ಳೆ ಸಾಬೂನಿನದು, ಅವಳದಲ್ಲ.
ಒಂದು ಫೋಟೋ ಇಲ್ಲ. ಸಹಿಯ ಜಾಗದಲ್ಲಿ ಪಾದ್ರಿಯೇ ಬರೆದರು.
ಅವಳು ಜೋರಾಗಿ ಮಾತಾಡಿದ್ದು ಯಾರಿಗೂ ನೆನಪಿಲ್ಲ.
ಅಣ್ಣ ತುಲ್ಲಿಯೊ ಬೆಲ್ಜಿಯಮ್ಮಿನ ಕಲ್ಲಿದ್ದಲಿನ ಕಡೆಗೆ ಬಾಗಿದ,
ನಾನು ಈ ನೆಲಮಾಳಿಗೆಗೆ.
ತಿಂಗಳು ತಿಂಗಳೂ ಹಣ ಕಳಿಸುತ್ತಿದ್ದವನು ಅವನು,
ಋಣ ನನ್ನ ಪಾಲಿಗೆ ಬಂತು.
ಅವನ ಸಿಟ್ಟು ನನ್ನ ಹಟ ಎರಡನ್ನೂ ಕೂಡಿಸಿ
ಹಿಂದಕ್ಕೆ ಅಳತೆಪಟ್ಟಿ ಹಿಡಿದರೆ
ನೆಟ್ಟಗೆ ಹೋಗಿ ಆ ಒದ್ದೆ ಕಟ್ಟೆಗೇ ಮುಟ್ಟುತ್ತದೆ.
ಮೂರು ನೋಟದಲ್ಲೂ ನೋಡಿದ್ದೇನೆ.

ಹೂಂ, ಮುಂದಿನ ಚಿತ್ರ ತಿರುಗಿಸು.
ಫಿಲ್ಮು ಸಿಕ್ಕಿಕೊಂಡರೆ ಎಳೆಯಬೇಡ, ನನ್ನ ಕರೆ,
ನಿವೆಸ್ ಅಂದರೆ ಸಾಕು, ಸಿನ್ಯೋರಾ ಗಿನ್ಯೋರಾ ಬೇಡ.
ಕಾಫಿ ಎರಡು ಗಂಟೆಗೆ.
ಸಕ್ಕರೆ ನಾವೇ ತರಬೇಕು.