ಮೂರು ಮಿಲಿಮೀಟರ್

ಪತ್ರ ಬಂದದ್ದು ಶುಕ್ರವಾರ ಸಂಜೆ, ಪಾಳಿ ಬದಲಾಗುವ ಹೊತ್ತಿಗೆ.
ಆಟದ ಪೆಟ್ಟಿಗೆ ಬಿಸಿಯಾಗುತ್ತಿದೆಯಂತೆ,
ಎರಡು ಗಂಟೆ ಆಡಿದರೆ ಒಳಗಿನ ಚಿಪ್ ಬೇಯುತ್ತದಂತೆ.
ಆದಕಾರಣ ಫ್ಯಾನು ದೊಡ್ಡದು,
ಆದಕಾರಣ ಗಾಳಿಕಂಡಿ ಹಿಂದಕ್ಕೆ,
ಕೇಬಲ್ ತೂತು ಮೂರು ಮಿಲಿಮೀಟರ್ ಎಡಕ್ಕೆ.
ದಯವಿಟ್ಟು ಗಮನಿಸಿ: ಬಿಡುಗಡೆಯ ದಿನಾಂಕದಲ್ಲಿ ಬದಲಾವಣೆ ಇಲ್ಲ.

ದಯವಿಟ್ಟು ಗಮನಿಸಿದೆ.
ಹಾಸನದ ಕೈಗಾರಿಕಾ ಬಡಾವಣೆಯಲ್ಲಿ, ನಮ್ಮ ತಗಡಿನ ಸೂರಿನಡಿ
ಮೇಲ್ಮುಚ್ಚಳ ಹದಿನೆಂಟು ಸಾವಿರ, ಕೆಳಮುಚ್ಚಳ ಹನ್ನೊಂದು ಸಾವಿರ
ಎಣಿಸಿ, ಒರೆಸಿ, ಪಾಲಿಥೀನು ತೊಡಿಸಿ ಕೂರಿಸಿದ್ದೆವು,
ಗೊತ್ತಾದ ಮದುವೆಗೆ ಹೊಲಿಸಿಟ್ಟ ರವಿಕೆಗಳ ಹಾಗೆ.

ಮುನೀರ್ ಸಾಬರು ನಕ್ಷೆಯನ್ನು ಕನ್ನಡಕಕ್ಕೆ ತಾಗಿಸಿ ನೋಡಿದರು.
ಇಪ್ಪತ್ತಾರು ವರ್ಷ ಉಕ್ಕು ಕೊರೆದ ಬೆರಳು
ಆ ತೂತಿನ ಮೇಲೆ ಹೋಗಿ ನಿಂತಿತು.
"ಕಬ್ಬಿಣ ತೆಗೆಯೋದು ನಮ್ಮ ಕೈಲಿದೆ ಮೇಡಂ.
ತೆಗೆದದ್ದು ಹಾಕೋದು ಯಾರ ಕೈಲೂ ಇಲ್ಲ."
ಬೆಸುಗೆ?
"ಹಾಕಬೋದು. ಗಾಯ ಕಾಣ್ತದೆ,
ಪ್ರತಿ ಮುಚ್ಚಳದ ಮೇಲೂ."

ನಮ್ಮಪ್ಪ ಬಿತ್ತನೆ ಆಲೂಗಡ್ಡೆ ವ್ಯಾಪಾರದವರು.
ಮೂಟೆ ಬಿಚ್ಚಿದ್ದರೂ ವಾಪಸ್ ತಗೊಳ್ಳೋರು,
ಹೋಳು ಮಾಡಿದ್ದನ್ನು ಮಾತ್ರ ಇಲ್ಲ.
ಒಪ್ಪಂದದ ಹದಿನಾಲ್ಕನೆಯ ಪುಟ ಆಗಲೇ ಓದಿದ್ದರೆ...
ಓದಿದ್ದೆ.
ವಿನ್ಯಾಸ ಬದಲಿಸುವ ಹಕ್ಕು ಅವರದು ಅಂತ ಇತ್ತು.
ಕೊರೆದ ಅಚ್ಚಿನ ಖರ್ಚು ಯಾರದು ಅಂತ ಇರಲಿಲ್ಲ.
ಕೆಳಗೆ ನನ್ನ ಸಹಿ, ದುಂಡಗೆ,
ಸಂತೋಷಕ್ಕೆ ಸ್ವಲ್ಪ ದೊಡ್ಡದಾಗಿಯೇ.

ಬ್ಯಾಂಕಿನ ತೀರ್ಥಲಿಂಗಪ್ಪನವರು ಕೇಳಿದರು,
ಆಟದ ಸಾಮಾನಿಗೆ ಇಷ್ಟು ಸಾಲವೇ?
ಆಟ ಅವರದು ಸಾರ್, ಸಾಮಾನು ನಮ್ಮದು.

ಹಾಸನಾಂಬೆಯ ಬಾಗಿಲು ತೆಗೆಯುವ ವಾರಕ್ಕೆ
ಅಂಗಡಿಗಳಲ್ಲಿ ಇರಬೇಕಿತ್ತು ಪೆಟ್ಟಿಗೆ.
ವರ್ಷ ಕಳೆದು ತೆಗೆದರೂ ಅಲ್ಲಿ ಹೂ ಬಾಡಿರೋಲ್ಲ ಅಂತಾರೆ.
ನಮ್ಮ ಗೋದಾಮಿನ ಬಿಳಿ ಪ್ಲಾಸ್ಟಿಕ್ಕು
ಆರೇ ತಿಂಗಳಿಗೆ ಹಳದಿಗೆ ತಿರುಗಿತು.

ಕೊನೆಗೆ ಅವರಿಗೂ ತಡವಾಯಿತು.
ದೀಪಾವಳಿ ದಾಟಿ, ಸಂಕ್ರಾಂತಿಯೂ ದಾಟಿ ಬಂದಾಗ
ಮಕ್ಕಳು ಬೇರೆ ಯಾರದೋ ಪೆಟ್ಟಿಗೆಯ ಮುಂದೆ ಕೂತಾಗಿತ್ತು.
ಕ್ಷಮಿಸಿ ಎಂಬ ಪತ್ರವೂ ಬಂತು, ಅದೂ ಶುಕ್ರವಾರವೇ.

ಪ್ಯಾಕಿಂಗಿನ ದೊಡ್ಡತಾಯಿ ನಾಲ್ಕು ಮುಚ್ಚಳ ಕೇಳಿ ಒಯ್ದಳು.
ಕೊತ್ತಂಬರಿ ಹಾಕಿದ್ದಾಳೆ. ಚೆನ್ನಾಗಿ ಬಂದಿದೆಯಂತೆ,
ಆ ತೂತಿನಿಂದ ನೀರು ಸರಾಗ ಬಸಿಯುತ್ತದಂತೆ,
ಸರಿಯಾದ ಜಾಗದಲ್ಲೇ ಇದೆಯಂತೆ.

ಹಳೆಯ ಅಚ್ಚು ಮೂಲೆಯಲ್ಲಿದೆ.
ಗುಜರಿಯವನು ಎರಡು ಸಲ ಬಂದು ತೂಕ ಕೇಳಿ ಹೋದ.
ಮುನೀರ್ ಸಾಬರು ತಿಂಗಳಿಗೊಮ್ಮೆ ಬಟ್ಟೆ ಸರಿಸಿ,
ಒರೆಸಿ, ಗ್ರೀಸು ಬಳಿಯುತ್ತಾರೆ.
ಯಾಕೆ ಸಾಬರೇ, ಅಂದೆ.
"ಮತ್ತೆ ಬಲಕ್ಕೆ ಬಂದರೆ?"