ಪಡವಲ ಕಿಡಕಿ

ನಮ್ಮ ಮನಿಗೆ ನಾಕು ಗಾಲಿ, ನಾಕು ಕಿಡಕಿ.
ಕಂಪನಿ ಕೊಟ್ಟ ತಗಡಿನ ಟ್ರೇಲರು,
ಮೈಮ್ಯಾಲ ಯಾವದೋ ಹಳೇ ನಂಬರು,
ಬಾಗಿಲಕ್ಕ ನಾ ಹಚ್ಚಿದ ಅರಿಷಿಣದ ಬಟ್ಟು.
ರಸ್ತೆ ಎಷ್ಟು ಮುಂದ ಹೋಗತದೋ
ನಮ್ಮ ಅಂಗಳಾನೂ ಅಷ್ಟ ಮುಂದ.
ಯುಗಾದಿಗೆ ಜುಮನಾಳ, ಆಮ್ಯಾಲ ಮುಳವಾಡ,
ಈಗ ಕೊಲ್ಹಾರದ ಹೊಳಿ ಕಾಣೂವಂಥಾ ದಿಬ್ಬ.

ಇಂವ ರೋಲರಿನವ. ಹೆಸರು ಹೇಳಬಾರದು,
ಅದಕ್ಕ ರೋಲರಿನವ ಅಂತೀನಿ.
ಗಾಡಿ ಕಡಿಮಿ ಅಂತ ರಾತ್ರಿ ಡಾಂಬರು ಹಾಸತಾರ.
ನಸಿಕಿನ್ಯಾಗ ಬರತಾನ, ರೆಪ್ಪಿಗೂ ಡಾಂಬರ ವಾಸನಿ,
ಅರ್ಧಾ ರೊಟ್ಟಿ ತಿಂದು ಬಿದ್ದಬಿಡತಾನ.
ಊರಿಗೆಲ್ಲಾ ಹಗಲಾದಾಗ
ಇವಗ ಒಬ್ಬಗ ನಾ ರಾತ್ರಿ ಮಾಡಬೇಕು.

ಮೊದಲ ಒಳಗಿಂದ ಮಾಡಿ ನೋಡಿದೆ.
ಪೇಪರು ಅಂಟಿಸಿದೆ, ವಾರದಾಗ ಹಳದಿಯಾಗಿ
ಸುದ್ದಿ ಎಲ್ಲಾ ಉದರಿತು.
ಮದವಿ ಸೀರಿ ಕಟ್ಟಿದೆ,
ಬಣ್ಣ ಹೋತು, ಸೆಕಿ ಹೋಗಲಿಲ್ಲ.
ಚಹಾದಂಗಡಿ ಇರ್ಫಾನನ ಕೈಲೆ ಚಿಪ್ಸಿನ ಪಾಕೀಟು ಕೂಡಿಸಿ
ಬೆಳ್ಳಿ ಮಗ್ಗಲು ಹೊರಗ ಮಾಡಿ ಹೊಲದೆ.
ಗಾಜು ಮುಟ್ಟಿದರ ಹಂಚು.
ಗಾಜು, ಪಡದೆ ನಡುವ ಸಿಕ್ಕೊಂಡ ಧಗಿ
ಒಳಗ ಉಸಿರು ಬಿಡತಿತ್ತು.
ಇಂವ ನಿದ್ದಿಯೊಳಗೂ ರೋಲರು ಹೊಡದಂಗ
ಹಿಂದ ಮುಂದ, ಹಿಂದ ಮುಂದ ಹೊರಳತಿದ್ದ.

ಒಂದಿನ ಮೊಸರಿನ ಮುರಿಗೆವ್ವ ಬಂದಳು.
ಕಿಡಕಿ ನೋಡಿದಳು. ನನ್ನ ನೋಡಿದಳು.
"ಹುಚ್ಚೀ, ಗಡಗಿ ತಂಪಿರಲಿ ಅಂತ
ಒದ್ದಿ ಅರಬಿ ಮೊಸರಿನೊಳಗ ಹಾಕತಾರೇನ?"
ಬುಟ್ಟಿ ಇಳಿಸಿ ತೋರಿಸಿದಳು,
ಗಡಗಿ ಹೊರಗ ಸುತ್ತಿದ ಅರಬಿ, ತೊಟ್ಟಿಕ್ಕೂ ಹನಿ.
"ಬಿಸಲು ಬ್ಯಾಡಾದ ಬೀಗ ಇದ್ದಂಗ.
ಹೊಸ್ತಿಲಾ ದಾಟಿದನೋ, ಉಣ್ಣಲಾರದ ಹೋಗೂದಿಲ್ಲ.
ಅಂಗಳದಾಗ ನಿಲ್ಲಿಸಿ ಮಾತಾಡಸಿ ಕಳಸು."

ಲಾರಿಯವರ ಕಡೆ ಹರಕ ಉಳ್ಳಾಗಡ್ಡಿ ಚೀಲ ಬೇಡಿದೆ, ಹನ್ನೆರಡು.
ಎರಡೆರಡು ಜೋಡಿಸಿ ದಬ್ಬಣದಲೆ ಹೊಲದೆ,
ಮ್ಯಾಲ ಜ್ವಾಳದ ಕಣಿಕಿ ಹೆಣದು ತಟ್ಟಿ ಮಾಡಿದೆ,
ಗಾಜಿಗೆ ಗೇಣು ಬಿಟ್ಟು
ಹೊರಗ ಸಳಿಗೆ ತೂಗಬಿಟ್ಟೆ.
ಗೇಣು ಬಿಡಬೇಕು. ಗಾಳಿಗೂ ಹಾದಿ ಬೇಕಲ್ಲ.
ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ತಂಬಿಗಿ ನೀರು ಚಿಮಕಿಸಿದೆ.
ಆವತ್ತು ಬೆನ್ನಿನ ಬೆವರು ಆರಿತು, ಗೊರಕಿ ಹತ್ತಿತು.
ಮದವಿಯಾಗಿ ಏಳು ವರ್ಷಕ್ಕ
ಗೊರಕಿ ಕೇಳಿ ನಕ್ಕಿದ್ದು ಅದ ಮೊದಲು.

ಹೊಳಿ ಮಾತ್ರ ಈಗ ನನಗ ಕಾಣೂದಿಲ್ಲ.
ಉಳ್ಳಾಗಡ್ಡಿ ವಾಸನಿ ಕತ್ತಲಾಗ ಕುಂತು
ಬ್ಯಾಳಿ ಹಸನ ಮಾಡತೀನಿ, ಹಳ್ಳು ಬೆರಳಿಗೆ ತಿಳೀತಾವ.
ಲಾರಿ ಸಪ್ಪಳದ ಮ್ಯಾಲ ತಾಸು ಎಣಸತೀನಿ.
ಕೆಮ್ಮು ಬಂದರ ಸೆರಗು ಕಚ್ಚತೀನಿ.

ಹದಿನೈದು ದಿನಕ್ಕ ಟ್ರ್ಯಾಕ್ಟರು ಬಂದು
ಕೊಂಡಿ ಹಾಕಿ ಮನಿ ಎಳಕೊಂಡು ಹೋಗತದ.
ಹೊಸಾ ಜಾಗಾದಾಗ ಬಾಗಿಲ ಎತ್ತಾಗೋ ತಿರಗಿರತದ.
ನಿನ್ನಿ ಮೂಡಲಾಗಿದ್ದ ಕಿಡಕಿ ಇವತ್ತು ಪಡವಲ.
ಬುನಾದಿ ಹಾಕಿದವರು ದಿಕ್ಕು ಒಮ್ಮೆ ಕಲತರ ಮುಗೀತು,
ನಾ ತಿಂಗಳಿಗೆ ಎರಡು ಸಲ ಕಲೀತೀನಿ.
ಮೊದಲನೇ ದಿನಾ ಹೊರಗ ನಿಂತು ನೋಡತೀನಿ
ಬಿಸಲು ಯಾವ ಗಾಜಿಗೆ ಬಂದು ಬಡೀತದ ಅಂತ,
ಕೈಯಾಗ ತಟ್ಟಿ ಹಿಡಕೊಂಡು,
ಬೀಗನ ದಾರಿ ಕಾಯ್ದಂಗ.

ಸಂಜೀ ಆರಕ್ಕ ಪಡವಲ ತಟ್ಟಿ ಒಂದ ಸುತ್ತತೀನಿ.
ದಣದ ಬೆಳಕು ಇವನ ಗಲ್ಲದ ಮ್ಯಾಲ ಕೂಡತದ.
"ಬೆಳಗಾತೇನ?" ಅಂತಾನ.
"ಹೂಂ, ಆತು" ಅಂತೀನಿ, ಚಹಾಕ್ಕಿಡತೀನಿ.
ಬೂಟು ಹಾಕೊಂಡು ಹೋಗತಾನ.

ರಾತ್ರಿ ಉಳದ ಮೂರೂ ಸುತ್ತತೀನಿ.
ದೂರ, ರಸ್ತೆ ಮುಗಿಯೂವಲ್ಲಿ, ಒಂದು ದೀಪ
ಹಿಂದ ಮುಂದ, ಹಿಂದ ಮುಂದ.
ಅದಕ್ಕ ನಾ ಇನ್ನೂ ಪಡದೆ ಹೊಲದಿಲ್ಲ.